ಮಹಾದೇವಿ ಕಂಪ್ಯೂಟರಿಗೆ ಕುಂಕುಮ ಇಟ್ಟದ್ದು

ನಮ್ಮ ವಠಾರದಲ್ಲಿ ಗೋಡೆ ತೆಳ್ಳಗೆ. ಪಕ್ಕದ ಕೋಣೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿದರೆ ನಮ್ಮ ಮನೆಗೆ ಕೇಳುತ್ತದೆ. ಅದಕ್ಕೇ ಮಹಾದೇವಿಯ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದಕ್ಕಿಂತ ಕಿವಿಯಾರೆ ಕೇಳಿದ್ದೇ ಹೆಚ್ಚು. ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

ಟಿ. ದಾಸರಹಳ್ಳಿಯಲ್ಲಿ ನಮ್ಮದು ಸಾಲುಮನೆ. ಒಂದು ಕಾಲಕ್ಕೆ ಅದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದೆವು. ನಮ್ಮ ಯಜಮಾನರು ಗೋಪಾಲಪ್ಪನವರು ಇದ್ದಾಗಲೇ ಒಂದೊಂದಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಬರುವವರೆಲ್ಲ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರೇ. ಮಹಾದೇವಿ, ಅವಳ ಗಂಡ ಹನುಮೇಶ ಇಬ್ಬರೂ ಸುರಪುರದ ಕಡೆಯವರು. ಕೋಣೆ ನೋಡಲು ಬಂದ ದಿನ ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿದೆ.

"ನೋಡಮ್ಮಿ, ಗೋಡೆಗೆ ಮೊಳೆ ಒಡೀಬಾರ್ದು."

"ಮತ್ತ ದೇವರ ಫೋಟೊ ಎಲ್ಲಿ ಹಾಕೂಣ್ರಿ ಅವ್ವಾರ? ನಿಮ್ಮ ಮನ್ಯಾಗ ಎಷ್ಟು ಮೊಳಿ ಅವ, ಒಂದಿಷ್ಟು ತೋರಸ್ರಿ."

ಹನುಮೇಶ ನಾಚಿಕೆಯಿಂದ ನೆಲ ನೋಡಿದ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಕೋಣೆ ಕೊಟ್ಟೆ. ಮೊಳೆಯನ್ನೂ ಹೊಡೆದಳು.

ಮೊದಮೊದಲು ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಅವನು ಗೋಡೌನಿನಲ್ಲಿ ಲೋಡಿಂಗಿಗೆ ಸೇರಿದ. ಇವಳು ಪಿಯುಸಿ ಓದಿದವಳು. ಕಬ್ಬಿಣದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿದಳು. ಅಲ್ಲಿ ಗಾಜಿನ ಬಾಗಿಲಿನ ಒಂದು ಕೋಣೆ ಇದೆಯಂತೆ. ಒಳಗೆ ಕೂತವನು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾನೆ, ಹೊರಗಿನವರು ಆ ನಕ್ಷೆ ನೋಡಿಕೊಂಡು ಕಬ್ಬಿಣ ಕೊರೆಯುತ್ತಾರೆ. ಡಬ್ಬಕ್ಕೆ ತುಂಬುವಾಗ ಮಾಲನ್ನು ನಕ್ಷೆಗೆ ಹಿಡಿದು ತಾಳೆ ನೋಡುವುದು ಇವಳ ಕೆಲಸವಾದ್ದರಿಂದ ನೋಡಿ ನೋಡಿ ಇವಳಿಗೆ ನಕ್ಷೆ ಓದಲು ಬಂತು. ಓದಲು ಬಂದದ್ದು ಬರೆಯಲೂ ಬರಬೇಕು ಅನ್ನುವ ಹಟ ಹತ್ತಿತು. ಎಲ್ಲಿಯೋ ಯಾವುದೋ ಆಫೀಸು ಖಾಲಿ ಮಾಡಿದಾಗ ಮಾರಿದ ಹಳೆಯ ಕಂಪ್ಯೂಟರನ್ನು ಕೊಂಡು ಆಟೋದಲ್ಲಿ ಹಾಕಿಕೊಂಡು ಬಂದಳು. ಮೊಬೈಲಿನಲ್ಲಿ ಪಾಠ ನೋಡುವುದು, ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು, ತಪ್ಪಾದರೆ ತನಗೆ ತಾನೇ ಬೈದುಕೊಳ್ಳುವುದು. ಇದೆಲ್ಲ ಗೋಡೆಯಾಚೆಯಿಂದ ನನಗೆ ದಿನವೂ ಕೇಳುತ್ತಿತ್ತು.

"ಆ ಡಬ್ಬಿ ಮುಂದ ಕುಂತ್ರ ಹೊಟ್ಟಿ ತುಂಬ್ತದೇನು?" ಎಂದು ಹನುಮೇಶ ರೇಗುವುದೂ ಕೇಳುತ್ತಿತ್ತು.

"ಕುಂದರದಿದ್ರ ತುಂಬ್ಯದೇನು?" ಎಂದು ಇವಳು ಕೇಳುವುದೂ.

ಹೀಗಿರುವಾಗ ಗಾಜಿನ ಕೋಣೆಯವನು ಕೆಲಸ ಬಿಟ್ಟು ಹೋದ. ಇವಳು ನೇರವಾಗಿ ಮೇಲಿನ ಸಾಹೇಬರು ಹರ್ಷವರ್ಧನ್ ಅವರ ಮುಂದೆ ಹೋಗಿ ನಿಂತು, ಆ ಕೆಲಸ ನನಗೆ ಕೊಡಿ ಅಂದಳಂತೆ.

"ಪ್ಯಾಕಿಂಗ್‌ನವರೆಲ್ಲ ಡ್ರಾಯಿಂಗ್ ಮಾಡಿದ್ರೆ ಪ್ಯಾಕಿಂಗ್ ಯಾರಮ್ಮ ಮಾಡ್ತಾರೆ?" ಎಂದು ಅವರು ನಕ್ಕರು. ಇವಳು ಕದಲಲಿಲ್ಲ. ಕೊನೆಗೆ ಅವರು ಒಂದು ಪರೀಕ್ಷೆ ಒಡ್ಡಿದರು. ತೂತು ಕೊರೆಯುವಾಗ ಕಬ್ಬಿಣದ ತುಂಡು ಅಲ್ಲಾಡದಂತೆ ಹಿಡಿದಿಡುವ ಒಂದು ಸಾಧನ ಬೇಕಾಗಿತ್ತು. ಅದರ ನಕ್ಷೆಯನ್ನು ಆಯುಧಪೂಜೆಯ ರಜೆ ಮುಗಿದು ಕಾರ್ಖಾನೆ ತೆರೆಯುವ ಸೋಮವಾರ ತಂದು ತೋರಿಸಬೇಕು. ತರದಿದ್ದರೆ ಅದೇ ದಿನ ಬರಲಿರುವ ಹೊಸಬನಿಗೆ ಕುರ್ಚಿ.

ಹಬ್ಬದ ಹೊತ್ತಿಗೆ ನಕ್ಷೆ ಮುಕ್ಕಾಲು ಪಾಲು ಆಗಿತ್ತು. ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಅದರ ನಕಲಿರಲಿಲ್ಲ.

ಕಾರ್ಖಾನೆಯಲ್ಲಿ ಹಿಂದಿನ ದಿನವೇ ಪೂಜೆ ಮುಗಿದಿತ್ತು. ಅಲ್ಲಿನ ಪದ್ಧತಿ ಏನೆಂದರೆ, ಯಂತ್ರದ ಮುಚ್ಚಳ ತೆಗೆದು, ಒಳಗಿನ ದೂಳು ಒರೆಸಿ, ಕಬ್ಬಿಣ ತಿರುಗುವ ಜಾಗಕ್ಕೇ ವಿಭೂತಿ, ಕುಂಕುಮ ಹಚ್ಚುತ್ತಾರೆ. ಮಹಾದೇವಿ ಮನೆಯಲ್ಲೂ ಹಾಗೇ ಮಾಡಿದಳು. ಬೆಳಗ್ಗೆ ಮಂಗಳಾರತಿಗೆ ಕರೆದಳೆಂದು ಹೋದೆ. ಕಂಪ್ಯೂಟರಿನ ಡಬ್ಬವನ್ನು ಮಣೆಯ ಮೇಲೆ ಕೂರಿಸಿ, ಅದರ ಪಕ್ಕದ ತಗಡು ಬಿಚ್ಚಿದ್ದಳು.

"ಮ್ಯಾಲ ಒಂದು ಬೊಟ್ಟು ಇಟ್ರ ಸಾಲದೇನು?" ಎಂದ ಹನುಮೇಶ.

"ಮ್ಯಾಲಿನ ತಗಡು ಕೆಲಸ ಮಾಡ್ತದೇನ್ರಿ? ಒಳಗಿನ ಮಿಷನ್ ಮಾಡ್ತದ. ಕೆಲಸ ಮಾಡಾಕಿಗೆ ಬಿಟ್ಟು ಸೀರಿಗೆ ಕುಂಕುಮ ಹಚ್ತಾರೇನು?"

ಮಾತು ಸರಿಯಾಗಿಯೇ ಇತ್ತು. ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಕೈತುಂಬ ಅಕ್ಷತೆ ಎರಚಿದಳು. ನಾವೆಲ್ಲ ಕೈಮುಗಿದೆವು. ತಗಡು ಮುಚ್ಚಿ, ಇನ್ನುಳಿದ ನಕ್ಷೆ ಮುಗಿಸೋಣವೆಂದು ಗುಂಡಿ ಒತ್ತಿದಳು.

ದೀಪ ಹತ್ತಿತು. ಒಳಗೆ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಇತ್ತು. ಅದರ ಮೇಲೆ 'ನೋ ಸಿಗ್ನಲ್' ಎಂಬ ಸಣ್ಣ ಚೌಕ ಅತ್ತಿಂದಿತ್ತ ಅಲೆದಾಡಿ ಆರಿಹೋಯಿತು.

ಬೀದಿಯ ಹಬ್ಬದ ಸ್ಪೀಕರಿನ ಅಬ್ಬರದಲ್ಲೇ ಆರಿಸಿದಳು, ಹಾಕಿದಳು. ಹಿಂದಿನ ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದಳು. "ಇದು ಕರೆಂಟಿಂದು, ಬಿಗಿ ಅದ. ಇದು ಪರದೆದು, ಬಿಗಿ ಅದ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಏನೂ ಬದಲಾಗಲಿಲ್ಲ.

"ದೇವರೇ ಬ್ಯಾಡ ಅಂದಾನ ತಗೋ," ಎಂದ ಹನುಮೇಶ.

"ದೇವರ ಹೆಸರಿನ್ಯಾಗ ನಿಮ್ಮ ಮಾತು ಆಡಬ್ಯಾಡ್ರಿ. ಆ ಟಿವಿ ಎತ್ಕೊಳ್ರಿ, ಅಂಗಡಿಗೆ ಹೋಗೂಣು."

ಡಬ್ಬವನ್ನು ತಾನು ಸೊಂಟದ ಮೇಲೆ ಇಟ್ಟುಕೊಂಡಳು. ಟಿವಿಯಂಥ ಪರದೆಯನ್ನು ಅವನು ಗೊಣಗುತ್ತ ಹೆಗಲಿಗೇರಿಸಿದ. ನಾನೂ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಹಿಂದೆಯೇ ಹೋದೆ. ಮೆಟ್ರೊ ಕಂಬದ ಹತ್ತಿರ ಶ್ರೀಧರ್ ಅನ್ನುವವನ ರಿಪೇರಿ ಅಂಗಡಿ. ಅದರ ಮಗ್ಗುಲಲ್ಲೇ ಆಟೋ ಸ್ಟ್ಯಾಂಡು. ಆಟೋಗಳಿಗೆಲ್ಲ ಬಾಳೆಕಂದು ಕಟ್ಟಿ, ಸ್ಪೀಕರ್ ಹಾಕಿ, ತಮಟೆ ಬಡಿಸುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಕೇಳದು. ಶ್ರೀಧರ್ ಆಗಲೇ ಅಂಗಡಿ ಮುಚ್ಚಿ ಊರಿಗೆ ಹೊರಡುವ ತರಾತುರಿಯಲ್ಲಿದ್ದ. ಮಹಾದೇವಿಯ ಮುಖ ನೋಡಿ ಅರ್ಧ ಎಳೆದ ಬಾಗಿಲನ್ನು ಮತ್ತೆ ಎತ್ತಿದ. ತಗಡು ತೆಗೆದವನೇ ಕಣ್ಣರಳಿಸಿದ.

"ಏನಕ್ಕಾ ಇದು, ಒಳಗೆ ದೇವಸ್ಥಾನಾನೇ ಕಟ್ಟಿಬಿಟ್ಟಿದ್ದೀರಾ! ತೀರ್ಥ ಗೀರ್ಥ ಹಾಕಿಲ್ಲ ತಾನೆ?"

"ಹಾಕಿಲ್ಲ. ಏನಾಗ್ಯದ ನೋಡ್ರಿ ಮದಲ."

ಅವನು ಪರದೆಯನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಚಿತ್ರ ಚೆನ್ನಾಗಿ ಬಂತು. ಹಾಗಾದರೆ ಪರದೆಯದು ತಪ್ಪಿಲ್ಲ. ಇವಳ ಡಬ್ಬಕ್ಕೆ ತನ್ನ ಪರದೆ ಹಾಕಿ ಗುಂಡಿ ಒತ್ತಿದ. ಫ್ಯಾನು ತಿರುಗಿತು, ಚಿತ್ರ ಬರಲಿಲ್ಲ.

"ಬೋರ್ಡೇ ಹೋಗಿದೆ ಕಣಕ್ಕಾ. ಇಲ್ಲೇ ಬಿಟ್ಟೋಗಿ, ಬುಧವಾರ ಬಂದು ಬೇರೆ ಹಾಕ್ಕೊಡ್ತೀನಿ."

"ನನಗ ಸೋಮವಾರ ಬೇಕ್ರಿ."

"ನನಗೆ ಈಗ ಬಸ್ಸಿದೆ ಅಕ್ಕಾ. ಊರಲ್ಲಿ ಹಬ್ಬ."

"ಬೋರ್ಡ್ ಹೋಗ್ಯದ ಅಂತ ಹೆಂಗ ಗೊತ್ತಾತು?"

"ಅಕ್ಕಾ, ದಿನಾ ಇದೇ ನೋಡ್ತೀನಿ ನಾನು."

"ನೀವು ದಿನಾ ನೋಡ್ತೀರಿ. ಇದನ್ನ ಇವತ್ತೇ ನೋಡಿದ್ದು."

ಅವನೇನೂ ಕೋಪಿಸಿಕೊಳ್ಳಲಿಲ್ಲ. ನಕ್ಕು ಫೋನ್ ನಂಬರ್ ಕೊಟ್ಟ. ಇವಳು ಡಬ್ಬವನ್ನು ಬಿಟ್ಟುಹೋಗಲು ಒಪ್ಪದೆ ಮತ್ತೆ ಸೊಂಟಕ್ಕೇರಿಸಿದಳು.

ಮನೆಗೆ ಬಂದ ಮೇಲೆ ಹನುಮೇಶನಿಗೆ ಸಿಟ್ಟು ನೆತ್ತಿಗೇರಿತ್ತು. "ಗುಜರಿಯವಂಗ ಹಾಕು ಅಂದ್ರ ಕೇಳವಲ್ಲಿ" ಎನ್ನುತ್ತ ಪರದೆಯ ವೈರನ್ನು ಡಬ್ಬಕ್ಕೆ ತಲೆಕೆಳಗಾಗಿ ಹಿಡಿದು ತುರುಕಿದ. ಹೋಗಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಮಹಾದೇವಿ ಅವನ ಕೈಯಿಂದ ಕಿತ್ತುಕೊಂಡು ತಿರುಗಿಸಿ ಹಾಕಿ, ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿದಳು. ಬೀದಿಯ ಸದ್ದು ತಗ್ಗಿತು.

"ನಮ್ಮಲ್ಲಿ ಮಿಷನ್ ನಿಂತ್ರ ಫಿಟ್ಟರ್ ಒಮ್ಮಿಗೇ ಎಲ್ಲಾ ಬಿಚ್ಚಂಗಿಲ್ರಿ ಅವ್ವಾರ. ಒಂದು ಬಿಚ್ತಾನ, ಚಾಲೂ ಮಾಡಿ ನೋಡ್ತಾನ. ಆಮ್ಯಾಲ ಇನ್ನೊಂದು," ಎಂದು ಗುಂಡಿ ಒತ್ತಿದಳು.

ಆಗ ಕೇಳಿಸಿತು. ಕೂ... ಎಂದು ಉದ್ದಕ್ಕೆ ಕೂಗಿ, ನಿಂತು, ಮತ್ತೆ ಕೂ... ಎಂದಿತು.

"ಮಾದೇವಿ, ಇದು ದಿನಾ ಕೂಗೋ ಅಂಗೆ ಕೂಗ್ತಾ ಇಲ್ಲ ಕಣಮ್ಮಿ," ಎಂದೆ. "ದಿನಾ ಅಚ್ಚಿದಾಗ ಒಂದೇ ಒಂದು ಸಲ, ನಾಯಿಮರಿ ತುಳಿದಂಗೆ ಕುಂಯ್ ಅಂತಿತ್ತು. ಇದೇನು ಇಂಗೆ ರಾಗ ಎಳೀತೈತೆ?"

ಅವಳು ಡಬ್ಬಕ್ಕೆ ಕಿವಿಯಿಟ್ಟು ಕೇಳಿದಳು. ಆರಿಸಿ, ಹಾಕಿ, ಮತ್ತೊಮ್ಮೆ ಕೇಳಿದಳು. ತಕ್ಷಣ ಶ್ರೀಧರನಿಗೆ ಫೋನ್ ಮಾಡಿ, ಫೋನನ್ನೇ ಡಬ್ಬದ ಹತ್ತಿರ ಹಿಡಿದಳು. ಅವನು ಬಸ್ಸಿನಲ್ಲಿದ್ದ.

"ಅಯ್ಯೋ, ಕೂಗ್ತಿದೆಯಾ? ಆ ತಮಟೆ ಗಲಾಟೆಲಿ ನನಗೆ ಕೇಳ್ಲೇ ಇಲ್ವಲ್ಲಕ್ಕಾ! ಹಾಗಾದ್ರೆ ಬೋರ್ಡ್ ಬದುಕಿದೆ. ಸತ್ತದ್ದು ಅಳಲ್ಲ. ಇದು ರ‍್ಯಾಮ್ ಸಿಗ್ತಿಲ್ಲ ಅಂತ ಅಳೋದು."

"ಅದು ಎಲ್ಲಿ ಅದ ಹೇಳ್ರಿ."

"ಫ್ಯಾನ್ ಪಕ್ಕ ಹಸಿರು ಪಟ್ಟಿ ನಿಂತಿರತ್ತೆ ನೋಡಿ, ಬಾಚಣಿಗೆ ಥರ. ಎರಡು ಕಡೆ ಕ್ಲಿಪ್ ಇರತ್ತೆ. ಅಕ್ಕಾ, ಮೊದ್ಲು ಕರೆಂಟ್ ವೈರ್ ಪೂರ್ತಿ ಕಿತ್ತಿಡಿ. ಡಬ್ಬದ ತಗಡನ್ನ ಒಂದ್ಸಲ ಬರಿಗೈಲಿ ಮುಟ್ಟಿ, ಆಮೇಲೆ ಪಟ್ಟಿಗೆ ಕೈ ಹಾಕಿ. ಅಂಚಲ್ಲಿ ಚಿನ್ನದ ಬಣ್ಣದ ಹಲ್ಲು ಇರ್ತಾವೆ. ಪೆನ್ಸಿಲ್ ಅಳಿಸೋ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ. ಒದ್ದೆ ಬಟ್ಟೆ ಮುಟ್ಟಿಸ್ಲೇಬೇಡಿ. ವಾಪಸ್ ಹಾಕುವಾಗ ಟಕ್ ಅನ್ನೋವರೆಗೂ..." ಅಷ್ಟರಲ್ಲಿ ಫೋನು ಕಡಿಯಿತು.

"ನೀ ಬಿಚ್ಚಿ ಪೂರ್ತಿ ಕೆಡಿಸಿದ್ರ, ಆಮ್ಯಾಲ ಗುಜರಿಯವನೂ ಮುಟ್ಟಂಗಿಲ್ಲ," ಎಂದ ಹನುಮೇಶ.

"ಕೆಡೋದಿದ್ರ ನನ್ನ ಕೈಯಾಗೇ ಕೆಡ್ಲಿ. ಬುಧವಾರದ ತನಕ ಚೊಲೊ ಇಟ್ಕೊಂಡು ಏನ್ ಮಾಡ್ಲಿ? ನೀವು ಬ್ಯಾಟ್ರಿ ಹಿಡೀರಿ."

ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಆದರೂ ಮೊಬೈಲಿನ ಬೆಳಕು ಹಿಡಿದುಕೊಂಡು ಬಂದ. ನಾನು ಎದುರುಮನೆ ಶೈಲಜಾಳನ್ನು ಕೇಳಿ ರಬ್ಬರ್ ತಂದುಕೊಟ್ಟೆ. ಒಳಗೆ ನೋಡಿದರೆ ಪಟ್ಟಿಗಳ ಬುಡದಲ್ಲಿ ವಿಭೂತಿ ಸುಣ್ಣದ ಹಾಗೆ ಕೂತಿತ್ತು. ಸಂದಿಯಲ್ಲಿ ಅಕ್ಷತೆಯ ಕಾಳು ಸಿಕ್ಕಿಕೊಂಡು ಒಂದು ಪಟ್ಟಿ ಒಂದು ಕಡೆ ಎದ್ದಿತ್ತು.

"ಗಡ್ಡದ ಬ್ರಷ್ ಕೊಡ್ರಿ."

"ನನ್ನ ಗಡ್ಡದ್ದಾ?"

"ನನಗೆಲ್ಲದ ಗಡ್ಡ?"

ಒಣ ಬ್ರಷ್ಷಿನಿಂದ ಸಂದಿ ಸಂದಿ ಗುಡಿಸಿದಳು. ಕಾಳನ್ನು ಸೂಜಿಯಿಂದ ಮೀಟಿ ತೆಗೆದಳು. ಪಟ್ಟಿಗಳನ್ನು ಹೊರತೆಗೆದು ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದಳು. ಎರಡು ಪಟ್ಟಿಯಲ್ಲಿ ಮೊದಲು ಒಂದನ್ನೇ ಹಾಕಿ ಎರಡೂ ಹೆಬ್ಬೆರಳು ಊರಿದಳು. ಅದು ಇಳಿಯಲಿಲ್ಲ. ಮುರಿದರೆ ಮುಗಿಯಿತು. ಅವಳು ಇನ್ನೂ ಒತ್ತಿದಳು. ಟಕ್ ಎಂದಿತು. ವೈರು ಸಿಕ್ಕಿಸಿ ಗುಂಡಿ ಒತ್ತಿದಳು.

ಕುಂಯ್.

ಒಂದೇ ಸಲ! ನಾನು ಕೈಮುಗಿದುಬಿಟ್ಟೆ. ಪರದೆ ಬೆಳಗಿತು. ಆದರೆ ಬಿಳಿ ಇರಬೇಕಾದ ಕಡೆಯೆಲ್ಲ ಅರಿಸಿನ ಬಳಿದ ಹಾಗೆ ಹಳದಿ.

"ಕಾಮಣಿ ಆಗ್ಯದ ಇದಕ್ಕ," ಎಂದ ಹನುಮೇಶ. ಕಾಮಾಲೆಗೆ ಅವರ ಕಡೆ ಹಾಗನ್ನುತ್ತಾರೆ.

ಅವಳು ಕಿವಿಗೊಡದೆ ನಕ್ಷೆ ತೆರೆದಳು. ಕಪ್ಪು ಪರದೆಯ ಮೇಲೆ ಕಬ್ಬಿಣದ ತುಂಡಿನ ಆಕಾರ ಬಂತು, ತೂತುಗಳು ಬಂದವು. ಅವಳ ಮುಖ ಇಳಿಯಿತು.

"ಅಳತಿ ಒಂದೂ ಇಲ್ಲ ಅವ್ವಾರ. ಇಷ್ಟು ದಿನ ಹಾಕಿದ ಗೆರಿ ಎಲ್ಲಾ ಅಳಿಸಿ ಹೋಗ್ಯಾವ." ತಲೆಯ ಮೇಲೆ ಕೈ ಹೊತ್ತು ಕೂತಳು. ಆ ಹೊತ್ತಿನಲ್ಲಿ ಹನುಮೇಶ ಕೂಡ ಕುಚೋದ್ಯ ಮಾಡಲಿಲ್ಲ. ಅಳತೆಯಿಲ್ಲದ ನಕ್ಷೆಯಿಂದ ಯಾರೂ ಏನೂ ಕೊರೆಯಲಾರರು ಎಂದು ಅವನಿಗೂ ತಿಳಿದಿತ್ತು.

ನಕ್ಷೆಯನ್ನು ಕೆಳಗಿಳಿಸಿ, ಕಂಪ್ಯೂಟರ್ ಹಾಕಿದೊಡನೆ ಮೊದಲು ಬರುವ ಚಿತ್ರವನ್ನೇ ದಿಟ್ಟಿಸುತ್ತ ಕೂತಿದ್ದಳು. ಅಲ್ಲಿ ಗುಡ್ಡ, ಆಕಾಶದ ಚಿತ್ರವಿತ್ತು. ಇದ್ದಕ್ಕಿದ್ದಂತೆ ಮುಂದಕ್ಕೆ ಬಾಗಿದಳು.

"ಆಕಾಶ ಯಾಕ ಕರ‍್ರಗ ಅದ? ನೀಲಿ ಇತ್ತಲ್ಲ ಇದು? ಅವ್ವಾರ, ಅಳತಿ ನಾ ನೀಲಿ ಬಣ್ಣದಾಗ ಬರದಿದ್ದೆ. ಗೆರಿ ಹೋಗಿಲ್ಲ! ನೀಲಿ ಒಂದು ಕಾಣವಲ್ದು, ಕರೀ ಮ್ಯಾಲ ಕರ‍್ರಗ ಕುಂತದ ಅಷ್ಟ!"

ಪರದೆಯ ವೈರಿನ ತುದಿ ಬಿಚ್ಚಿ ಬೆಳಕಿಗೆ ಹಿಡಿದಳು. ಸಾಲಾಗಿ ನಿಂತ ಸಣ್ಣ ಸಣ್ಣ ಸೂಜಿಗಳಲ್ಲಿ ಒಂದು ಅಡ್ಡ ಮಲಗಿತ್ತು. ಅವಳು ಗಂಡನ ಕಡೆ ತಿರುಗಿದಳು. ಅವನು ಚಾವಣಿಯ ಶೀಟು ನೋಡತೊಡಗಿದ. ಅವಳು ಪಿನ್ನಿನಿಂದ ಅದನ್ನು ಎತ್ತಿ ನಿಲ್ಲಿಸಲು ಹೋದಳು. ಮುರಿದು ಕೈಗೆ ಬಂತು. ಬೇರೆ ವೈರು ತರೋಣವೆಂದರೆ ಅಂಗಡಿಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದವು.

"ನೀಲಿ ಇಲ್ಲಂದ್ರ ಇಲ್ಲ. ಕೆಂಪದಲ್ಲ!" ಎಂದವಳೇ ಅಳತೆಯ ಗೆರೆಗಳಿಗೆಲ್ಲ ಕೆಂಪು ಬಣ್ಣ ಕೊಟ್ಟಳು. ಗೆರೆಗಳು ಎದ್ದು ಕಂಡವು. ಉಳಿದ ರಜೆಯಲ್ಲಿ ಊರವರೆಲ್ಲ ಹೋಳಿಗೆ ತಿನ್ನುತ್ತಿದ್ದಾಗ ಇವಳು ಆ ಹಳದಿ ಪರದೆಯ ಮುಂದೆ ಕೂತು ನಕ್ಷೆ ಮುಗಿಸಿದಳು. ಹನುಮೇಶ ತಾನೇ ಅನ್ನಕ್ಕಿಟ್ಟ. ಕುಕ್ಕರಿನ ಸೀಟಿ ಎಣಿಸಲು ಬಾರದೆ ತಳ ಹಿಡಿಸಿದ್ದೂ ನನಗೆ ವಾಸನೆಯಿಂದಲೇ ತಿಳಿಯಿತು.

ಸೋಮವಾರ ಸಂಜೆ ಅವಳು ಬರುವುದನ್ನೇ ಕಾಯುತ್ತ ಜಗಲಿಯಲ್ಲಿ ಕೂತಿದ್ದೆ. ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಪಕ್ಕ ಕೂತು ಹೇಳಿದಳು.

ಹರ್ಷವರ್ಧನ್ ಅವರು ಗಾಜಿನ ಕೋಣೆಯಲ್ಲಿ ಕೂತು ಪೆನ್‌ಡ್ರೈವ್ ಹಾಕಿ ನಕ್ಷೆ ನೋಡಿದರಂತೆ. ಹೊಸಬನೂ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಹೊರಗೆ ಕಾಯುತ್ತಿದ್ದ.

"ಅಳತೆ ಎಲ್ಲಾ ಕೆಂಪು ಯಾಕಮ್ಮ? ನಮ್ಮಲ್ಲಿ ನೀಲಿ ಹಾಕ್ತೀವಿ ಅಂತ ನಿನಗೆ ಗೊತ್ತಿದೆಯಲ್ಲ. ಹೊರಗಡೆ ಯಾರ ಹತ್ರಾನೋ ಮಾಡಿಸ್ಕೊಂಡ್ ಬಂದ್ಯಾ?"

"ನೀವು ಏಳ್ರಿ ಸಾರ್," ಎಂದಳಂತೆ ಇವಳು.

"ಏನಂದೆ?"

"ಕುರ್ಚಿ ಬಿಟ್ಟು ಏಳ್ರಿ. ಯಾರು ಮಾಡ್ಯಾರ ಅಂತ ನಿಮ್ಮ ಮುಂದ ತೋರಸ್ತೀನಿ."

ಅವರಿಗೆ ಏನನ್ನಿಸಿತೋ, ಎದ್ದರು. ಇವಳು ಕೂತಳು. ಕೆಂಪನ್ನೆಲ್ಲ ನೀಲಿ ಮಾಡಿದಳು. ಇಲ್ಲಿ ಒಂದು ತೂತು ಈಚೆಗೆ ಬರಬೇಕು ಎಂದರು, ಸರಿಸಿದಳು. ಅಳತೆ ತಾನಾಗಿ ಬದಲಾಯಿತು. ಈ ಮೂಲೆ ದುಂಡಗೆ ಮಾಡು ಎಂದರು, ಮಾಡಿದಳು. ಒಂದು ಕಡೆ ಅವಳಿಗೆ ಗೊತ್ತಾಗಲಿಲ್ಲ. 'ಗೊತ್ತಿಲ್ಲ, ಹೇಳಿಕೊಡಿ' ಎಂದಳು. ಅವರು ಬಗ್ಗಿ ಹೇಳಿಕೊಟ್ಟರು.

"ಸರಿ. ಬೆಳಗ್ಗೆ ಪ್ಯಾಕಿಂಗ್ ನೋಡ್ಕೋ, ಊಟ ಆದ್ಮೇಲೆ ಇಲ್ಲಿ ಕೂತ್ಕೋ. ಇನ್ನರ್ಧ ಹೊತ್ತು ಆ ಹುಡುಗ ಕೂರ್ಲಿ," ಎಂದರಂತೆ ಕೊನೆಗೆ.

"ಅರ್ಧ ಕುರ್ಚಿನೇನಮ್ಮಿ?" ಎಂದು ನಾನು ಪೇಚಾಡಿದೆ. "ನೀನೇನಂದೆ?"

"ಪೂರ್ತಿ ಯಾವಾಗ್ರಿ ಅಂದೆ. ನೋಡೋಣ ಅಂದ್ರು. ನೋಡ್ರಿ ಸಾರ್, ನೋಡೋತನಕ ನಾ ಇದರ ಮ್ಯಾಲೇ ಕುಂತಿರ್ತೀನಿ ಅಂದೆ." ಮಹಾದೇವಿ ಚಪ್ಪಲಿ ಬಿಟ್ಟು ಎದ್ದಳು. "ಕುಂತೇ ಬಂದೀನಿ."